ಕವಿಗಳ ಕಾಲ ಹುಡುಕಿದ ಮೇಷ್ಟ್ರು: ರಾ. ನರಸಿಂಹಾಚಾರ್ಯರ ಬದುಕು

ಹೈಸ್ಕೂಲಿನ ಕನ್ನಡ ಪಠ್ಯಪುಸ್ತಕದಲ್ಲಿ ಹಳಗನ್ನಡ ಪದ್ಯದ ಜೊತೆಗೆ ಕೃತಿಕಾರರ ಪರಿಚಯ ಎಂಬ ನಾಲ್ಕೈದು ಸಾಲು ಇದ್ದೇ ಇರುತ್ತದೆ. ಕವಿಯ ಹೆಸರು, ಕಾಲ, ಸ್ಥಳ, ಆಶ್ರಯ ಕೊಟ್ಟ ರಾಜ, ಕೃತಿಗಳು, ಬಿರುದುಗಳು. ಪಾಠಯೋಜನೆಯಲ್ಲಿ ನಾವು ಅದಕ್ಕೆ ಕೊಡುವುದು ಎರಡು ಮೂರು ನಿಮಿಷ. ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ, ಒಂದು ಅಂಕದ ಪ್ರಶ್ನೆಗೆ ಉತ್ತರ ಸಿದ್ಧವಾಗುತ್ತದೆ. ಇಸವಿಯ ಹಿಂದೆ ಸುಮಾರು ಎಂಬ ಮಾತೋ, ಸು. ಎಂಬ ಒಂದಕ್ಷರವೋ ಇದ್ದರೆ ಅದನ್ನು ಯಾರೂ ಗಮನಿಸುವುದಿಲ್ಲ. ಎಷ್ಟೋ ಸಲ ಪುಸ್ತಕದಿಂದ ಹಲಗೆಗೆ ಬರುವಷ್ಟರಲ್ಲಿ ಅದು ಉದುರಿಯೇ ಹೋಗಿರುತ್ತದೆ.

ಆ ಒಂದಕ್ಷರವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬೇಕಾಗಿಲ್ಲ ಎಂದು ತೀರ್ಮಾನಿಸಲು ಓಲೆಗರಿ, ಕಲ್ಲು, ತಾಮ್ರಪಟಗಳ ನಡುವೆ ಅರ್ಧ ಆಯುಷ್ಯ ಕಳೆದವರು ಕವಿಚರಿತೆಯ ರಾ. ನರಸಿಂಹಾಚಾರ್ಯರು. ಅವರು ನಾವು ಅಭ್ಯಾಸ ಬೋಧನೆಗೆ ಹೋಗುವ ಶ್ರೀರಂಗಪಟ್ಟಣ ತಾಲ್ಲೂಕಿನವರು. ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಬೇಕೆಂದಾಗ ನಾನು ಅವರನ್ನು ಆರಿಸಿಕೊಂಡದ್ದು ಊರಿನ ಅಭಿಮಾನಕ್ಕಷ್ಟೇ ಅಲ್ಲ. ಸಾಹಿತ್ಯ ಚರಿತ್ರೆ ಎಂಬ ವಿದ್ಯೆ ಕನ್ನಡಕ್ಕೆ ಹೊಸತಾಗಿದ್ದಾಗ ಅದಕ್ಕೊಂದು ಶಿಸ್ತು ತಂದುಕೊಟ್ಟವರು ಅವರು. ನಾವು ತರಗತಿಯಲ್ಲಿ ಹೇಳುವ ಪ್ರತಿಯೊಂದು ಇಸವಿಯ ಹಿಂದೆಯೂ ಒಂದು ವಾದವಿದೆ. ಅದು ಮೇಷ್ಟ್ರಿಗೆ ಗೊತ್ತಿಲ್ಲದಿದ್ದರೆ ಮಕ್ಕಳಿಗೆ ಗೊತ್ತಾಗುವ ದಾರಿಯಿಲ್ಲ.

ನರಸಿಂಹಾಚಾರ್ಯರು ಹುಟ್ಟಿದ್ದು 1860ರ ಏಪ್ರಿಲ್ 9ರಂದು, ಶ್ರೀರಂಗಪಟ್ಟಣಕ್ಕೆ ಸೇರಿದ ಕೊಪ್ಪಲಿನಲ್ಲಿ. ಮಂಡ್ಯಂ ಶ್ರೀವೈಷ್ಣವರ ಮನೆತನ. ಮನೆಯಲ್ಲಿ ತಮಿಳು, ಪಾಠದಲ್ಲಿ ಸಂಸ್ಕೃತ, ಬೀದಿಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಈ ನಾಲ್ಕು ಭಾಷೆಗಳೂ ಮುಂದೆ ಅವರ ಕೆಲಸಕ್ಕೆ ಬಂದವು. ಬಿ.ಎ. ಮುಗಿಸಿ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಗೆ ಸೇರಿ ಶಿಕ್ಷಕರಾದರು, ಬಳಿಕ ಭಾಷಾಂತರದ ಕೆಲಸಕ್ಕೆ ಹೋದರು. 1893ರಲ್ಲಿ ಮದರಾಸು ವಿಶ್ವವಿದ್ಯಾಲಯದ ಕನ್ನಡ ಎಂ.ಎ. ಪದವಿ ಪಡೆದರು. ಕನ್ನಡದಲ್ಲಿ ಎಂ.ಎ. ಮಾಡಿದವರಲ್ಲಿ ಅವರೇ ಮೊದಲಿಗರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ, ಅಲ್ಲಿ ಕನ್ನಡ ಎಂ.ಎ. ತರಗತಿ ಶುರುವಾದದ್ದು 1927ರಲ್ಲಿ ಎಂಬುದನ್ನು ನೆನೆದರೆ, ಅವರು ಓದಿದ ಕಾಲ ಎಂಥದು ಎಂದು ಊಹಿಸಬಹುದು. ಓದಬೇಕಾದ ಕಾವ್ಯಗಳಲ್ಲಿ ಬಹುಪಾಲು ಇನ್ನೂ ಅಚ್ಚಾಗಿರಲಿಲ್ಲ.

ಕನ್ನಡದಲ್ಲಿ ಎಷ್ಟು ಕವಿಗಳಿದ್ದರು, ಯಾರು ಮೊದಲು ಯಾರು ಆಮೇಲೆ ಎಂಬ ಲೆಕ್ಕ ಆಗ ಯಾರ ಬಳಿಯೂ ಪೂರ್ತಿಯಾಗಿ ಇರಲಿಲ್ಲ. ಕಿಟ್ಟೆಲ್ಲರು 1875ರಲ್ಲಿ ನಾಗವರ್ಮನ ಛಂದಸ್ಸನ್ನು ಅಚ್ಚು ಹಾಕಿಸುವಾಗ ಕನ್ನಡ ಸಾಹಿತ್ಯದ ಬಗ್ಗೆ ಒಂದು ಪ್ರಬಂಧ ಸೇರಿಸಿದ್ದರು. ಲೂಯಿ ರೈಸರು ಶಬ್ದಾನುಶಾಸನದ ಮುನ್ನುಡಿಯಲ್ಲಿ ಕವಿಗಳ ಪರಿಚಯವನ್ನು ಸ್ವಲ್ಪ ವಿಸ್ತರಿಸಿದ್ದರು. ಮಠದ, ಬಸದಿಯ, ಮನೆಯ ಅಟ್ಟದ ಮೇಲಿನ ಓಲೆಗರಿಗಳಲ್ಲಿ ಉಳಿದದ್ದೆಲ್ಲ ಇನ್ನೂ ಕತ್ತಲಲ್ಲೇ ಇತ್ತು.

ನರಸಿಂಹಾಚಾರ್ಯರ ಬದುಕು ತಿರುವು ತೆಗೆದುಕೊಂಡದ್ದು 1899ರಲ್ಲಿ, ಅವರು ಪುರಾತತ್ತ್ವ ಇಲಾಖೆಯಲ್ಲಿ ರೈಸರ ಸಹಾಯಕರಾದಾಗ. ರೈಸರೂ ಮೇಷ್ಟ್ರೇ. ಬೆಂಗಳೂರಿನಲ್ಲೇ ಹುಟ್ಟಿದ ಇವರು ಅಲ್ಲಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದು, ಮುಂದೆ ಶಿಕ್ಷಣ ಇಲಾಖೆಯ ಹೊಣೆ ಹೊತ್ತವರು. ಸಂಸ್ಥಾನದ ಊರೂರು ಸುತ್ತುತ್ತ ದಾರಿಯಲ್ಲಿ ಕಂಡ ಬರಹದ ಕಲ್ಲುಗಳ ಬೆನ್ನು ಹತ್ತಿದವರು. ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಅವರು ಪ್ರಕಟಿಸಿದ ಶಾಸನಗಳು ಎಂಟು ಸಾವಿರಕ್ಕೂ ಹೆಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿ ತಟ್ಟಿ ಅಚ್ಚು ತೆಗೆಯುವ ಕೆಲಸ ಅದು. ಬಿಸಿಲು ಜೋರಾದರೆ ಕಾಗದ ಒಣಗಿ ಸಿಡಿಯುತ್ತದೆ, ಗಾಳಿ ಬಂದರೆ ಹಾರುತ್ತದೆ. ಇಷ್ಟಾದ ಮೇಲೆ ಅಕ್ಷರ ಓದುವುದು ಬೇರೆ ಕಷ್ಟ.

ಇಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ವಿಚಾರ ಒಂದು ಮಾತು. ರೈಸರ ಸಂಪುಟಗಳಲ್ಲಿ ಮಂಡ್ಯ ಜಿಲ್ಲೆ ಎಂದು ಹುಡುಕಿದರೆ ಸಿಕ್ಕುವುದಿಲ್ಲ. ಜಿಲ್ಲೆ ಆದದ್ದೇ 1939ರಲ್ಲಿ. ಶ್ರೀರಂಗಪಟ್ಟಣ 1894ರ ಮೂರನೆಯ ಸಂಪುಟದಲ್ಲಿ ಮೈಸೂರು ಜಿಲ್ಲೆಯ ಕೆಳಗಿದೆ. ಕೃಷ್ಣರಾಜಪೇಟೆ, ನಾಗಮಂಗಲ 1898ರ ನಾಲ್ಕನೆಯದರಲ್ಲಿವೆ. ಪಾಂಡವಪುರ ಆಗ ಪ್ರತ್ಯೇಕ ತಾಲ್ಲೂಕಲ್ಲ, ಆ ಹೆಸರೂ ಇರಲಿಲ್ಲ. ಹಿರೋಡೆ, ಫ್ರೆಂಚ್ ರಾಕ್ಸ್ ಎಂದೆಲ್ಲ ಕರೆಯುತ್ತಿದ್ದರು. ಮೇಲುಕೋಟೆ, ತೊಣ್ಣೂರಿನ ಶಾಸನಗಳು ಶ್ರೀರಂಗಪಟ್ಟಣದ ಅಂಕೆಯಲ್ಲೇ ಇವೆ. ನಾನು ಇದನ್ನು ತಿಳಿದುಕೊಳ್ಳಲು ಗ್ರಂಥಾಲಯದಲ್ಲಿ ಎರಡು ಮಧ್ಯಾಹ್ನ ಕಳೆದಿದ್ದೇನೆ, ಬೇರೆಯವರು ಕಳೆಯಬೇಕಾಗಿಲ್ಲ.

ಶಾಸನ ಓದುವ ಕೆಲಸಕ್ಕೂ ಕವಿಯ ಚರಿತ್ರೆಗೂ ಏನು ನಂಟು? ನರಸಿಂಹಾಚಾರ್ಯರ ದೊಡ್ಡತನ ಇರುವುದು ಇವೆರಡನ್ನೂ ಒಂದೇ ಮೇಜಿನ ಮೇಲೆ ತಂದದ್ದರಲ್ಲಿ. ನಮ್ಮ ಹಳೆಯ ಕವಿಗಳಲ್ಲಿ ಕೆಲವರು ತಮ್ಮ ಕಾಲವನ್ನು ತಾವೇ ಹೇಳಿಬಿಡುತ್ತಾರೆ. ಪಂಪ ತನ್ನ ಕಾವ್ಯಗಳ ಕಾಲವಾಗಿ 941ನೆಯ ಇಸವಿಗೆ ಹೊಂದುವ ಶಕವರ್ಷವನ್ನು ಕೊಟ್ಟಿದ್ದಾನೆ. ಜನ್ನನ ಯಶೋಧರಚರಿತೆ 1209ರದು, ಅನಂತನಾಥಪುರಾಣ 1230ರದು. ಅಂಥವರ ಹಿಂದೆ ಸುಮಾರು ಎಂಬ ಮಾತು ಬೇಕಿಲ್ಲ. ಆದರೆ ಬಹಳ ಮಂದಿ ಕಾಲ ಹೇಳುವುದಿಲ್ಲ. ಆಗ ಏನು ಮಾಡಬೇಕು? ಕವಿ ಕಾವ್ಯದ ಮೊದಲಲ್ಲಿ ಯಾವ ಹಿಂದಿನ ಕವಿಗಳನ್ನು ನೆನೆದಿದ್ದಾನೆ ನೋಡಬೇಕು. ಅವರಿಗಿಂತ ಇವನು ಈಚಿನವನು. ಇವನನ್ನು ಯಾರು ನೆನೆದಿದ್ದಾರೆ ನೋಡಬೇಕು. ಅವರಿಗಿಂತ ಇವನು ಹಿಂದಿನವನು. ಆಶ್ರಯ ಕೊಟ್ಟ ರಾಜನ ಅಥವಾ ದಂಡನಾಯಕನ ಹೆಸರು ಸಿಕ್ಕಿದರೆ, ಅದೇ ಹೆಸರು ತೇದಿಯಿರುವ ಯಾವ ಕಲ್ಲಿನ ಮೇಲಿದೆ ಎಂದು ಹುಡುಕಬೇಕು. ಹೀಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ ಎಳೆದು, ನಡುವಿನ ಜಾಗವನ್ನು ಆದಷ್ಟು ಕಿರಿದು ಮಾಡಬೇಕು. ಆ ಕಿರಿದು ಮಾಡಿದ ಜಾಗಕ್ಕೆ ಹಾಕುವ ಗುರುತೇ ಸು. ಎಂಬುದು. ಗೊತ್ತಿಲ್ಲ ಎಂಬ ಅರ್ಥ ಅದಕ್ಕಿಲ್ಲ. ಇಷ್ಟರ ಮಟ್ಟಿಗೆ ಗೊತ್ತು ಎಂದು ಅದರ ಅರ್ಥ.

ಕಲ್ಲು ಬರೀ ತೇದಿ ಕೊಡುವುದಿಲ್ಲ, ಕೆಲವೊಮ್ಮೆ ಕವಿಯನ್ನೇ ಕೊಡುತ್ತದೆ. ತರೀಕೆರೆಯ ಬಳಿಯ ಅಮೃತಾಪುರದ ದೇವಾಲಯದ ಶಾಸನದ ಪದ್ಯಗಳನ್ನು ಬರೆದವನು ಜನ್ನ. ಯಶೋಧರಚರಿತೆಗಿಂತ ಹತ್ತು ಹನ್ನೆರಡು ವರ್ಷ ಮೊದಲೇ ಅವನು ಪಳಗಿದ ಕವಿಯಾಗಿದ್ದನೆಂದು ಹೇಳುವುದು ಆ ಕಲ್ಲು. ಶಾಸನಗಳಲ್ಲಿರುವ ಇಂಥ ಒಳ್ಳೆಯ ಪದ್ಯಗಳನ್ನು ಆರಿಸಿ ನರಸಿಂಹಾಚಾರ್ಯರು ಶಾಸನಪದ್ಯಮಂಜರಿ ಎಂಬ ಸಂಕಲನವನ್ನೇ ಮಾಡಿದರು. ದಾನದ ಲೆಕ್ಕಪತ್ರವೆಂದು ಎಲ್ಲರೂ ದಾಟಿ ಹೋಗುವ ಕಡೆ ಕವಿತೆ ಇದೆ ಎಂದು ತೋರಿಸಿದ್ದು ಸಣ್ಣ ಕೆಲಸವಲ್ಲ.

ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಬಂತು. ಅದರ ಕೆಲಸದಲ್ಲಿ ಜೊತೆಯಾಗಿದ್ದವರು ಎಸ್.ಜಿ. ನರಸಿಂಹಾಚಾರ್ಯರು; ಎಂ.ಎ. ರಾಮಾನುಜಯ್ಯಂಗಾರ್ಯರೊಡನೆ ಕಾವ್ಯಮಂಜರಿಯನ್ನು ನಡೆಸಿ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದವರು. ಪುಸ್ತಕ ಬಂದ ವರ್ಷವೇ ಅವರು ತೀರಿಕೊಂಡರು. ಉಳಿದ ಭಾರ ಒಬ್ಬರ ಹೆಗಲಿಗೇ ಬಿತ್ತು. ಹದಿನೈದರಿಂದ ಹದಿನೇಳನೆಯ ಶತಮಾನದವರೆಗಿನ ಎರಡನೆಯ ಸಂಪುಟ 1919ರಲ್ಲಿ, ಆಮೇಲಿನವರ ಮೂರನೆಯದು 1929ರಲ್ಲಿ ಬಂದವು. ಒಂದು ಕೆಲಸದ ಮೊದಲ ಮತ್ತು ಕೊನೆಯ ಸಂಪುಟಗಳ ನಡುವೆ ಇಪ್ಪತ್ತೆರಡು ವರ್ಷ.

ಎರಡನೆಯ ಸಂಪುಟ ನಮ್ಮ ಶಾಲೆಗಳಿಗೆ ಹತ್ತಿರದ್ದು. ಶ್ರೀರಂಗಪಟ್ಟಣವೆಂದರೆ ಮಕ್ಕಳಿಗೆ ಟಿಪ್ಪು, ಕೋಟೆ, ರಂಗನಾಥ. ಅದೇ ಊರಿನ ಅರಮನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ ಇದ್ದರು. ಸಿಂಗರಾರ್ಯನ ಮಿತ್ರವಿಂದಾಗೋವಿಂದ ನಮಗೆ ಉಳಿದಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು. ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಹದಿಬದೆಯ ಧರ್ಮ ಬರೆದದ್ದೂ ಅಲ್ಲೇ. ಅದಕ್ಕೂ ಮೊದಲು 1648ರಲ್ಲಿ ಗೋವಿಂದವೈದ್ಯ ಕಂಠೀರವ ನರಸರಾಜ ವಿಜಯದಲ್ಲಿ ಈ ಊರಿನ ನವರಾತ್ರಿಯನ್ನು ವರ್ಣಿಸಿದ್ದ. ಇವರೆಲ್ಲರನ್ನೂ ಒಂದು ಕಾಲದ, ಒಂದು ಊರಿನ ಜನರಾಗಿ ನೋಡಲು ಸಾಧ್ಯವಾದದ್ದು ಕವಿಚರಿತೆ ಅವರನ್ನು ಕಾಲದ ಕ್ರಮದಲ್ಲಿ ಕೂರಿಸಿದ ಮೇಲೆ.

ಇನ್ನೊಂದನ್ನು ನಾನು ವಿಶೇಷವಾಗಿ ಗಮನಿಸಿದೆ. ಬರೆದವರು ನಾಮ ಹಾಕುವ ಶ್ರೀವೈಷ್ಣವರು. ಪುಸ್ತಕದಲ್ಲಿ ಮೊದಲಿನ ದೊಡ್ಡ ಭಾಗ ಜೈನ ಕವಿಗಳದು, ಮುಂದೆ ವೀರಶೈವರು. ಯಾವ ಕವಿಯ ಮತಕ್ಕೂ ತಕ್ಕಡಿಯಲ್ಲಿ ಬೇರೆ ಬಟ್ಟು ಇಟ್ಟಿಲ್ಲ. ಅವರವರ ಗುರುಪರಂಪರೆ, ಅವರವರ ಪುರಾಣದ ಹೆಸರುಗಳು, ಎಲ್ಲವನ್ನೂ ಅಷ್ಟೇ ಎಚ್ಚರದಿಂದ ಬಿಡಿಸಿಟ್ಟಿದ್ದಾರೆ.

ರೈಸರು 1906ರಲ್ಲಿ ನಿವೃತ್ತರಾದಾಗ ಇಲಾಖೆಯ ಹೊಣೆ ನರಸಿಂಹಾಚಾರ್ಯರಿಗೆ ಬಂತು, 1922ರವರೆಗೆ ಇತ್ತು. ಅವರ ಕಾಲದಲ್ಲಿ ವರ್ಷವರ್ಷದ ವರದಿಗಳು ಬರೀ ಶಾಸನದ ಪಟ್ಟಿಯಾಗಿ ಉಳಿಯದೆ ದೇವಾಲಯ, ನಾಣ್ಯ, ಹಸ್ತಪ್ರತಿಗಳನ್ನೂ ಒಳಗೊಂಡವು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ದೇವಾಲಯಗಳ ಮೇಲೆ ಒಂದೊಂದು ಪುಸ್ತಕ ಬರೆದರು. ವಿಗ್ರಹಗಳ ಪೀಠದ ಕೆಳಗೆ ಕೆತ್ತಿದ ಪುಟ್ಟ ಪುಟ್ಟ ಅಕ್ಷರಗಳನ್ನು ಓದಿ ಶಿಲ್ಪಿಗಳ ಹೆಸರುಗಳನ್ನು ಪಟ್ಟಿ ಮಾಡಿದರು. ಜಕಣಾಚಾರಿ ಒಬ್ಬನೇ ಎಲ್ಲವನ್ನೂ ಕೆತ್ತಿದನೆಂಬ ಮಾತು ಊರೂರಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಮಲ್ಲಿತಮ್ಮ, ದಾಸೋಜ ಮೊದಲಾದ ನಿಜವಾದ ಹೆಸರುಗಳು ಹೊರಬಂದವು. ಸೋಮನಾಥಪುರದ ಈ ಮಲ್ಲಿತಮ್ಮನ ಹೆಸರು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗ ದೇವಾಲಯದಲ್ಲೂ ಇದೆ.

ಅವರ ಮನಸ್ಸು ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಚಂದ್ರಗುಪ್ತನ ವಿಚಾರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೌರ್ಯ ಚಂದ್ರಗುಪ್ತ ರಾಜ್ಯ ಬಿಟ್ಟು, ಕ್ಷಾಮ ಬರುವುದೆಂದು ತಿಳಿದ ಭದ್ರಬಾಹು ಮುನಿಗಳ ಜೊತೆ ದಕ್ಷಿಣಕ್ಕೆ ಬಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕೊನೆಯುಸಿರೆಳೆದನೆಂಬುದು ಜೈನರ ಪರಂಪರೆಯ ಮಾತು. ಇದಕ್ಕೆ ರೈಸರು ಕೊಟ್ಟ ಆಧಾರಗಳಲ್ಲಿ ಎರಡು ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಿನವು. ಕಾವೇರಿಯ ಉತ್ತರ ದಂಡೆಯ ಕಡೆ ಸಿಕ್ಕಿದ, ಸುಮಾರು 900ರ ಎರಡು ಕಲ್ಲುಗಳು ಆ ಬೆಟ್ಟದ ನೆತ್ತಿಯ ಮೇಲೆ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದದ ಗುರುತುಗಳಿವೆ ಎಂದು ಹೇಳುತ್ತವೆ. ಶಾಸನಶಾಸ್ತ್ರದಲ್ಲಿ ಹುಲಿಯಂತಿದ್ದ ಫ್ಲೀಟರು ಇದನ್ನು ಒಪ್ಪಲಿಲ್ಲ. ಆ ಭದ್ರಬಾಹು ಎಷ್ಟೋ ಶತಮಾನ ಈಚಿನ ಇನ್ನೊಬ್ಬ, ಚಂದ್ರಗುಪ್ತನೆಂದರೆ ಅವನ ಶಿಷ್ಯ, ಮೌರ್ಯನಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ಅವರ ವಾದ. ಒಬ್ಬರು ತಮ್ಮ ಹಿಂದಿನ ಮೇಲಧಿಕಾರಿ, ಇನ್ನೊಬ್ಬರು ಹೆಸರಾಂತ ಎದುರಾಳಿ, ನಡುವೆ ನರಸಿಂಹಾಚಾರ್ಯರು.

ರೈಸರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ನರಸಿಂಹಾಚಾರ್ಯರು ಬೆಟ್ಟ, ಬಸದಿ, ಊರುಗಳನ್ನು ಮತ್ತೆ ಜಾಲಿಸಿ 1923ರಲ್ಲಿ ತಂದ ಪರಿಷ್ಕೃತ ಸಂಪುಟದಲ್ಲಿ 500 ಇದ್ದವು. ಅದರ ಮುನ್ನುಡಿಯಲ್ಲಿ ಅವರು ಎರಡೂ ಕಡೆಯ ಮಾತನ್ನು ಇಟ್ಟು, ಕಲ್ಲಿನ ಸಾಕ್ಷ್ಯ ಬೇರೆ, ಕಾವ್ಯದ ಸಾಕ್ಷ್ಯ ಬೇರೆ ಎಂದು ವಿಂಗಡಿಸಿ, ಯಾವುದು ಎಷ್ಟು ಹಳೆಯದು ಎಂದು ತೂಗಿ ನೋಡಿದರು. ಕೊನೆಗೆ ಅವರು ನಿಂತದ್ದು ಹೀಗೆ: ಈ ಪರಂಪರೆಗೆ ಸ್ವಲ್ಪ ಆಧಾರವಿದೆ, ಸುಮ್ಮನೆ ಹುಟ್ಟಿದ ಕತೆಯೆಂದು ತಳ್ಳಿಹಾಕುವಂತಿಲ್ಲ. ಅಷ್ಟೇ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಸಾಕ್ಷ್ಯ ನಿಂತ ಕಡೆ ಅವರ ಮಾತೂ ನಿಂತಿತು. ನಮ್ಮಲ್ಲಿ ಎಷ್ಟೋ ಸ್ಥಳಪುರಾಣಗಳನ್ನು ಪೂರ್ತಿ ನಂಬುವವರಿದ್ದಾರೆ, ಪೂರ್ತಿ ನಗುವವರಿದ್ದಾರೆ. ನಡುವೆ ನಿಂತು ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎಂದು ತಟ್ಟಿ ನೋಡುವವರು ಕಡಿಮೆ.

ಈ ಸಂಪುಟ ಬಂದಾಗ ಅವರು ನಿವೃತ್ತರು, ವಯಸ್ಸು ಅರವತ್ತಮೂರು. ಮರುವರ್ಷವೇ ಕವಿಚರಿತೆಯ ಮೊದಲ ಸಂಪುಟವನ್ನು ಮತ್ತೆ ತಿದ್ದಿ ಬರೆದು ಪ್ರಕಟಿಸಿದರು. ಹದಿನೇಳು ವರ್ಷದಲ್ಲಿ ಹೊಸ ಹಸ್ತಪ್ರತಿ ಸಿಕ್ಕಿದ್ದವು, ಹೊಸ ಶಾಸನ ಸಿಕ್ಕಿದ್ದವು. ತಾವೇ ಹಾಕಿದ ಇಸವಿಯನ್ನು ತಾವೇ ಹೊಡೆದು ಹಾಕಿ ಬೇರೆ ಬರೆಯುವುದಕ್ಕೆ, ಅದೂ ಎಲ್ಲರೂ ಆ ಪುಸ್ತಕವನ್ನು ಪ್ರಮಾಣವೆಂದು ಹಿಡಿದ ಮೇಲೆ, ಒಂದು ಬಗೆಯ ಧೈರ್ಯ ಬೇಕು. ಮೈಸೂರು ಮಹಾರಾಜರು ಅವರಿಗೆ ಕೊಟ್ಟ ಬಿರುದು ಪ್ರಾಕ್ತನವಿಮರ್ಶವಿಚಕ್ಷಣ. ಉಚ್ಚರಿಸಲು ನಾಲಿಗೆ ತೊಡರುವ ಬಿರುದಾದರೂ ಅವರ ಮಟ್ಟಿಗೆ ಅದು ಸರಿಯಾದ ಮಾತು.

ಅವರು ಹಾಕಿದ ಇಸವಿಗಳೆಲ್ಲ ಇಂದಿಗೂ ನಿಂತಿವೆಯೆ? ಇಲ್ಲ. ಎರಡನೆಯ ನಾಗವರ್ಮನ ವಿಚಾರ ನೋಡಿ. ಅವನ ಕಾವ್ಯಾವಲೋಕನವನ್ನು 1903ರಲ್ಲಿ ಸಂಪಾದಿಸಿದವರು ನರಸಿಂಹಾಚಾರ್ಯರೇ. ಅವನು ಚಾಳುಕ್ಯ ಜಗದೇಕಮಲ್ಲನ ಆಶ್ರಯದಲ್ಲಿದ್ದ ಎಂದು ತಿಳಿದಿತ್ತು. ಆ ಬಿರುದಿನ ರಾಜರು ಇಬ್ಬರು, ನಡುವೆ ಒಂದು ಶತಮಾನ. ನರಸಿಂಹಾಚಾರ್ಯರು ತಮ್ಮ ಮುಂದಿದ್ದ ಸಾಕ್ಷ್ಯದಿಂದ ಈಚಿನವನನ್ನು ಹಿಡಿದು ಸು. 1145 ಎಂದರು. ಮುಂದೆ ನಾಗವರ್ಮನ ವರ್ಧಮಾನಪುರಾಣ ಬೆಳಕಿಗೆ ಬಂತು. ಅದರ ಕಾಲ 1042. ಕವಿ ನೂರು ವರ್ಷ ಹಿಂದಕ್ಕೆ ಸರಿದ. ಇಲ್ಲಿ ಬಿದ್ದದ್ದು ಇಸವಿ, ವಿಧಾನವಲ್ಲ. ಅವರದೇ ವಿಧಾನದಿಂದ ಅವರ ಇಸವಿಯನ್ನು ತಿದ್ದಲಾಯಿತು.

ವಿಧಾನಕ್ಕೂ ಒಂದು ಮಿತಿಯಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಓಲೆಗರಿಗೆ, ಕಲ್ಲಿಗೆ ಏರದ ಕಾವ್ಯ ಅವರ ಪುಸ್ತಕಕ್ಕೂ ಏರಲಿಲ್ಲ. ನಮ್ಮ ಸೀಮೆಯಲ್ಲಿ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯಕ್ಕೆ ಕವಿಯ ಹೆಸರಿಲ್ಲ, ಇಸವಿಯಿಲ್ಲ. ಅಂಥದನ್ನು ಓದಲು ಬೇರೆ ವಿದ್ಯೆ ಬೇಕಾಯಿತು. ಅದನ್ನು ವಿಶ್ವವಿದ್ಯಾಲಯದ ಅಂಗಳಕ್ಕೆ ತಂದವರಲ್ಲಿ ಮುಖ್ಯರಾದ ಜೀ.ಶಂ. ಪರಮಶಿವಯ್ಯ, ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡ, ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಅವರ ಕತೆ ಇನ್ನೊಂದು ಲೇಖನಕ್ಕೆ ಇರಲಿ.

ಕೊನೆಯ ವರ್ಷಗಳಲ್ಲೂ ನರಸಿಂಹಾಚಾರ್ಯರು ಕೈ ಕಟ್ಟಿ ಕೂರಲಿಲ್ಲ. 1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು, 1934ರಲ್ಲಿ ಮಹಾಮಹೋಪಾಧ್ಯಾಯರಾದರು. ಕನ್ನಡ ಭಾಷೆಯ ಚರಿತ್ರೆಯ ಮೇಲೆ ಇಂಗ್ಲಿಷಿನಲ್ಲಿ ಮಾಡಿದ ಉಪನ್ಯಾಸಗಳು ಅದೇ ವರ್ಷ ಪುಸ್ತಕವಾದವು. 1936ರ ಡಿಸೆಂಬರ್ 6ರಂದು ತೀರಿಕೊಂಡರು. ಅದೇ 1936ರಲ್ಲಿ, ಅವರು ಹದಿನಾರು ವರ್ಷ ನಡೆಸಿದ ಇಲಾಖೆಯ ಮುಖ್ಯಸ್ಥರಾಗಿದ್ದ ಎಂ.ಎಚ್. ಕೃಷ್ಣ ಅವರು ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು; ಕನ್ನಡ ಬರಹದ ಇತಿಹಾಸದ ಮೊದಲ ಪುಟವನ್ನೇ ಬದಲಿಸಬೇಕಾಯಿತು.

ಇದನ್ನು ತರಗತಿಗೆ ತರುವುದು ಹೇಗೆ ಎಂಬ ಬಗ್ಗೆ ನನ್ನ ಅನುಭವ ಚಿಕ್ಕದು. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ, ಕವಿಯ ಕಾಲವನ್ನು ಬರೆಸುವ ಮೊದಲು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಮನೆಯಲ್ಲಿ ಅಜ್ಜಿಯ ಮದುವೆಯಾದ ವರ್ಷ ಕಂಡುಹಿಡಿಯಬೇಕು, ಆದರೆ ವರ್ಷವನ್ನು ನೇರವಾಗಿ ಕೇಳಬಾರದು. ಒಬ್ಬಳು ಬರೆದುಕೊಂಡು ಬಂದಳು. ಅಜ್ಜಿ ಮದುವೆಯಾಗಿ ಬಂದಾಗ ಊರಿಗೆ ಕರೆಂಟು ಬಂದಿರಲಿಲ್ಲ, ದೊಡ್ಡಪ್ಪ ಹುಟ್ಟುವಾಗ ಬಂದಿತ್ತು, ದೊಡ್ಡಪ್ಪನ ಹುಟ್ಟಿದ ವರ್ಷ ಶಾಲೆಯ ದಾಖಲೆಯಲ್ಲಿದೆ. ಮೇಲಿನ ಗೆರೆ, ಕೆಳಗಿನ ಗೆರೆ ಎರಡೂ ಸಿಕ್ಕವು. ಹಲಗೆಯ ಮೇಲೆ ಇಸವಿ ಬರೆಯಲು ಸೀಮೆಸುಣ್ಣ ಎತ್ತಿಕೊಂಡಾಗ ಅವಳೇ ಅದರ ಹಿಂದೆ ಸುಮಾರು ಎಂದು ಹಾಕಿದಳು. ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆ ಹನ್ನೆರಡು ನಿಮಿಷ ಹಿಡಿಯಿತು, ಪದ್ಯದ ಎರಡು ಚರಣ ಮರುದಿನಕ್ಕೆ ಉಳಿಯಿತು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಸಮಯದ ಹಂಚಿಕೆಯ ಬಗ್ಗೆ ಒಂದು ಸಾಲು ಬರೆದರು, ಅದೂ ನ್ಯಾಯವೇ.

ಮುಂದಿನ ತಂಡದಲ್ಲಿ ಹೋಗುವವರಿಗೆ ಒಂದು ಅನುಕೂಲದ ಮಾತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯ ಕರ್ನಾಟಿಕವನ್ನು ಪರಿಷ್ಕರಿಸಿ ತಂದಿದೆ. ಅದರ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಿವೆ. ಏಳನೆಯದರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಜೊತೆ ನಾಗಮಂಗಲ ಇದೆ. ಶಾಸನಗಳ ಪಾಠ ಕನ್ನಡ ಲಿಪಿಯಲ್ಲೇ ಇದೆ, ತಾಲ್ಲೂಕಿನ ಕೆಳಗೆ ಊರಿನ ಹೆಸರುಗಳಿವೆ. ನಿಮಗೆ ಹಂಚಿಕೆಯಾದ ಶಾಲೆಯ ಊರು ಅದರಲ್ಲಿದೆಯೇ ಎಂದು ಹೋಗುವ ಮೊದಲೇ ನೋಡಿಕೊಳ್ಳಿ. ಇದ್ದರೆ ಕಲ್ಲು ಎಲ್ಲಿ ನಿಂತಿದೆ ಎಂದು ಮಕ್ಕಳನ್ನೇ ಕೇಳಿ. ಎಷ್ಟೋ ಊರಲ್ಲಿ ಅದು ದನ ಕಟ್ಟುವ ಕಲ್ಲಾಗಿಯೋ ಬಟ್ಟೆ ಒಗೆಯುವ ಕಲ್ಲಾಗಿಯೋ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.